ಇಂದ್ರಮ್ಮನವರೇ ಓದತಕ್ಕದ್ದು

ಹೇರೋಹಳ್ಳಿ, ಬೆಂಗಳೂರು
ಭಾನುವಾರ, ೧೨-೧-೨೦೨೫

ಪ್ರೀತಿಯ ಅತ್ತೆಗೆ ನಿಮ್ಮ ಸೊಸೆ ಸಂಘಮಿತ್ರಾ ಮಾಡುವ ನಮಸ್ಕಾರಗಳು.

ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲ ಸೀಸೆ ಬ್ಯಾಗಿನಲ್ಲೇ ಉಳಿದಿದೆಯಾ? ಅರಸೀಕೆರೆಯ ಚಳಿ ನಮ್ಮ ಚಳಿಗಿಂತ ಜೋರಂತೆ. ನೀವು ಬೆಳಗಾಗುತ್ತಲೇ ತಣ್ಣೀರಿನಲ್ಲಿ ಕೂಸಿನ ಬಟ್ಟೆ ಒಗೆಯುತ್ತೀರಿ ಎಂದು ರಂಜಿನಿ ಫೋನಿನಲ್ಲಿ ದೂರು ಹೇಳಿದಳು. ಬಾಣಂತಿಗೆ ಬಿಸಿನೀರು, ಬಾಣಂತನ ಮಾಡುವ ಅಮ್ಮನಿಗೆ ತಣ್ಣೀರು, ಇದು ಯಾವ ನ್ಯಾಯ ಅತ್ತೆ? ದೊಡ್ಡವನ ಶಾಲೆ ತಪ್ಪುತ್ತದೆ ಎಂದು ಅವಳು ತವರಿಗೆ ಬರಲಿಲ್ಲ, ತವರೇ ಅವಳ ಮನೆಗೆ ಹೋಯಿತು. ಹೋದ ತವರು ಹುಷಾರಾಗಿ ವಾಪಸ್ಸು ಬರಬೇಕು, ನೆನಪಿರಲಿ. ಕೂಸಿನ ಮುಖ ವಿಡಿಯೋದಲ್ಲಿ ನೋಡಿದೆ. ಮೂಗು ನಿಮ್ಮದೇ. ರಂಜಿನಿಯ ಗಂಡ ತಮ್ಮ ಕಡೆಯ ಮೂಗು ಎನ್ನುತ್ತಿದ್ದರು, ಅನ್ನಲಿ ಬಿಡಿ.

ದಿನಾ ಫೋನು ಮಾಡುತ್ತಿರುವಾಗ ಈ ಪತ್ರ ಏಕೆ ಎಂದು ನಿಮ್ಮ ಮಗ ಮಹದೇವ್ ಪಕ್ಕದಲ್ಲಿ ಕೂತು ನಗುತ್ತಿದ್ದಾರೆ. ನಗಲಿ. ನೀವು ಮಾತ್ರ ನನ್ನ ಒಂದು ಮಾತು ನಡೆಸಿಕೊಡಬೇಕು. ಈ ಪತ್ರವನ್ನು ರಂಜಿನಿಯ ಕೈಗೆ ಕೊಡಬೇಡಿ, ಅಳಿಯಂದಿರ ಕೈಗಂತೂ ಬೇಡವೇ ಬೇಡ. ಅದಕ್ಕೇ ಲಕೋಟೆಯ ಮೇಲೆ ಸರ್ಕಾರಿ ಕಾಗದದ ಹಾಗೆ ದಪ್ಪಗೆ ಬರೆದಿದ್ದೇನೆ, ಇಂದ್ರಮ್ಮನವರೇ ಓದತಕ್ಕದ್ದು ಎಂದು. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ಸಾಲಿಗೂ ಸಾಲಿಗೂ ನಡುವೆ ಜಾಗ ಬಿಟ್ಟಿದ್ದೇನೆ. ಕೂಸಿಗೆ ಸ್ನಾನ ಮಾಡಿಸಿ ಮಲಗಿಸಿದ ಮೇಲೆ ಕನ್ನಡಕ ಹಾಕಿಕೊಂಡು ಬಾಗಿಲ ಬಳಿ ಬೆಳಕಿಗೆ ಕೂತು ದಿನಕ್ಕೊಂದು ಹಾಳೆ ಓದಿ. ಆತುರವೇನಿಲ್ಲ. ಒತ್ತಕ್ಷರ ಬಂದಾಗ ನಿಲ್ಲಿ, ಬಾಯಿಬಿಟ್ಟು ಹೇಳಿಕೊಳ್ಳಿ, ಮುಂದೆ ಹೋಗಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನನ್ನನ್ನು ಬೈದುಕೊಳ್ಳಿ, ಆದರೆ ಪತ್ರ ಮಡಚಿಡಬೇಡಿ.

ಇಲ್ಲಿ ಮಾವ ಚೆನ್ನಾಗಿದ್ದಾರೆ, ಆದರೆ ನೀವಿಲ್ಲದೆ ಮನೆಯಲ್ಲಿ ಅವರಿಗೆ ಕಾಲೇ ನಿಲ್ಲದ ಹಾಗಾಗಿದೆ. ನಾನು ತಿರುವಿದ ಮುದ್ದೆಯಲ್ಲಿ ಗಂಟು ಸಿಕ್ಕಿದರೂ ಏನೂ ಹೇಳುವುದಿಲ್ಲ, ಗಂಟನ್ನು ತಟ್ಟೆಯ ಅಂಚಿಗೆ ಇಟ್ಟು ಎಲ್ಲರಿಗೂ ಕಾಣುವ ಹಾಗೆ ಬಿಡುತ್ತಾರೆ. ಬೆಳಿಗ್ಗೆ ಪೇಪರ್ ಬಂದ ತಕ್ಷಣ ಜಗಲಿಯಲ್ಲಿ ಕೂತು ಈಗಲೂ ಜೋರಾಗಿಯೇ ಓದುತ್ತಾರೆ, ಕೇಳುವವರು ಯಾರೂ ಇಲ್ಲ. ಮದುವೆಯಾದಾಗಿನಿಂದ ನಿಮಗೆ ಓದಿ ಹೇಳಿ ಅಭ್ಯಾಸವಾಗಿರುವ ಗಂಟಲು, ಮೆಲ್ಲಗೆ ಓದು ಎಂದರೆ ಎಲ್ಲಿ ಓದುತ್ತದೆ? ನೀವು ಅಕ್ಷರ ಕಲಿತ ಹೊಸದರಲ್ಲಿ ಒಂದು ದಿನ ಅವರ ಹೆಗಲ ಮೇಲಿಂದ ಬಗ್ಗಿ ಪೇಪರ್ ನೋಡಿ, "ಸೀ... ರೆ... ಮೇಳ. ಇದ್ಯಾಕ್ರೀ ಇಷ್ಟು ವರ್ಷ ಒಂದ್ ದಿನಾನೂ ಓದಿ ಹೇಳ್ಲಿಲ್ಲ?" ಎಂದು ಕೇಳಿದಿರಲ್ಲ, ಆಗ ಮಾವ ಕನ್ನಡಕ ಒರೆಸಿಕೊಂಡೇ ಕೂತಿದ್ದರು. ಆ ವಾರವೇ ನಿಮ್ಮನ್ನು ವಿಜಯನಗರದ ಮೇಳಕ್ಕೆ ಕರೆದುಕೊಂಡು ಹೋಗಬೇಕಾಯಿತು. ಈಗ ಸೀರೆ ಮೇಳದ ಜಾಹೀರಾತು ಬಂದರೆ ಅದನ್ನೂ ಜೋರಾಗಿ ಓದುತ್ತಾರೆ, ಖಾಲಿ ಜಗಲಿಗೆ. ನನಗೆ ನಗು ಬರುತ್ತದೆ.

ಇನ್ನೊಂದು ಸುದ್ದಿ. ನೀರಿನ ಟ್ಯಾಂಕರ್ ಹಿಂದಕ್ಕೆ ಬರುವಾಗ ನಮ್ಮ ಗೇಟಿನ ಪಕ್ಕದ ನುಗ್ಗೆಮರವನ್ನು ಮುರಿದು ಹಾಕಿತು. ರಸ್ತೆ ಮತ್ತೆ ಅಗೆದಿದ್ದಾರೆ, ಟ್ಯಾಂಕರಿನವನಿಗೆ ತಿರುಗಿಸಲು ಜಾಗವಿಲ್ಲ, ಅವನನ್ನು ಬೈದೂ ಪ್ರಯೋಜನವಿಲ್ಲ. ಫೋನಿನಲ್ಲಿ ಹೇಳಿದರೆ ನೀವು ಬೇಜಾರು ಮಾಡಿಕೊಳ್ಳುತ್ತೀರಿ ಎಂದು ಯಾರೂ ಹೇಳಲಿಲ್ಲ. ಈಗ ಧೈರ್ಯವಾಗಿ ಬರೆಯುತ್ತೇನೆ, ಏಕೆಂದರೆ ಮುರಿದ ಕಡೆಯಿಂದಲೇ ಚಿಗುರಿದೆ. ಮಾವ ಬೊಡ್ಡೆಗೆ ಸಗಣಿ ಮೆತ್ತಿ ಹಳೇ ಪಂಚೆ ಸುತ್ತಿದ್ದಾರೆ. ನೀವು ಬರುವಷ್ಟರಲ್ಲಿ ಸೊಪ್ಪಿನ ಸಾರಿಗಾಗುವಷ್ಟು ಎಲೆ ಬಿಟ್ಟಿರುತ್ತದೆ.

ಮೊದಲ ಹಾಳೆ ಇಲ್ಲಿಗೆ ಮುಗಿಯಿತು. ಕನ್ನಡಕ ತೆಗೆಯಿರಿ, ಕಣ್ಣಿಗೆ ನೀರು ಹಾಕಿಕೊಳ್ಳಿ, ಕಾಫಿ ಕುಡಿಯಿರಿ. ನಾಳೆ ಮುಂದಿನದು.

ಈಗ ವಿಷಯಕ್ಕೆ ಬರುತ್ತೇನೆ. ನೀವು ಊರಿಗೆ ಹೋದ ಮೇಲೆ ನಮ್ಮ ಶಾಲೆಗೆ ಒಂದು ಸುತ್ತೋಲೆ ಬಂತು. ದೊಡ್ಡವರಿಗೆ ಓದು ಬರಹ ಕಲಿಸುವವರೆಲ್ಲ ಸೇರುವ ಒಂದು ಸಮ್ಮೇಳನ, ಫೆಬ್ರವರಿ ಕೊನೆಯಲ್ಲಿ, ಕೆಂಗೇರಿಯ ಒಂದು ಕಾಲೇಜಿನಲ್ಲಿ. ಅಲ್ಲಿ ಮಾತಾಡಬೇಕೆನ್ನುವವರು ಮೊದಲೇ ಒಂದು ಪುಟದ ಪ್ರಸ್ತಾವನೆ ಬರೆದು ಕಳಿಸಬೇಕು. ಯಾರಿಗೆ ಕಲಿಸುತ್ತೀರಿ, ಹೇಗೆ ಕಲಿಸುತ್ತೀರಿ, ಅದರಿಂದ ಏನಾಯಿತು, ಇಷ್ಟು. ಒಂದು ಸಮಿತಿ ಎಲ್ಲವನ್ನೂ ಓದಿ, ಹಿಡಿಸಿದ್ದನ್ನು ಆರಿಸುತ್ತದೆ. ಮುಖ್ಯೋಪಾಧ್ಯಾಯಿನಿ ಸುತ್ತೋಲೆಯನ್ನು ನನ್ನ ಮುಂದಿಟ್ಟು, "ನಿಮ್ಮ ಮನೆ ಜಗಲಿ ಕ್ಲಾಸಿನ ಬಗ್ಗೆ ಬರೀರಿ ಮಿಸ್" ಎಂದರು. ನಾನು ಹಗಲಲ್ಲಿ ಮಕ್ಕಳಿಗೆ ಕಲಿಸುವ ಟೀಚರ್. ಸಂಜೆ ನೀವು, ಪಕ್ಕದ ಮನೆ ಕಲಾವತಿ, ಹಿಂದಿನ ಬೀದಿಯ ಹೆಂಗಸರು ಕೂತು ಓದುವುದನ್ನು ದೊಡ್ಡ ಕೆಲಸ ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಆದರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಯೋಚಿಸುತ್ತಾ ಯೋಚಿಸುತ್ತಾ, ಸುಂಕದಕಟ್ಟೆ ದಾಟುವಷ್ಟರಲ್ಲಿ ಬರೆಯಲೇಬೇಕು ಎನಿಸಿತು. ನಿಮ್ಮ ಕಸ ಎತ್ತುವ ಕಾರ್ಡು ನೆನಪಾಯಿತು.

ನೆನಪಿದೆಯಾ ಅತ್ತೆ? ನಾನು ಮೊದಲು ನಿಮಗೆ ಅಂಗಡಿಯಿಂದ ಅಕ್ಷರಮಾಲೆ ಪುಸ್ತಕ ತಂದುಕೊಟ್ಟೆ. ಅ ಆ ಪುಟದಲ್ಲಿ ಆನೆ ನೋಡಿ ನೀವು, "ಆನೆ ಕಟ್ಕೊಂಡು ನಾನೇನ್ ಮಾಡ್ಲಿ ಮಿತ್ರಾ, ನಮ್ಮನೇಲೇನು ಆನೆ ಐತಾ?" ಎಂದು ಪುಸ್ತಕ ಮುಚ್ಚಿದಿರಿ. ಒಂದು ಸಂಜೆ ನೀವು ಹಳೇ ಲಗ್ನಪತ್ರಿಕೆಯನ್ನು ಮೊರದ ಹಾಗೆ ಹಿಡಿದು ಕಸ ಎತ್ತುತ್ತಿದ್ದಿರಿ. ಇದು ಯಾರ ಮದುವೆಯದು ಎಂದೆ. ಕಾರ್ಡಿನ ಬಣ್ಣ ನೋಡಿಯೇ ಹೇಳಿಬಿಟ್ಟಿರಿ. ಹುಡುಗಿ ಯಾರು, ಹುಡುಗ ಯಾರು, ಯಾವ ಛತ್ರ, ಕೆಳಗೆ ಯಾರ್ಯಾರ ಹೆಸರು ಹಾಕಿಸಿದ್ದರು, ಯಾರ ಹೆಸರು ಬಿಟ್ಟುಹೋಗಿ ಯಾರು ಊಟ ಮಾಡದೆ ಎದ್ದುಹೋದರು, ಎಲ್ಲ ಬಾಯಲ್ಲೇ ಇತ್ತು. ಹೆಸರು ನಿಮಗೆ ಗೊತ್ತಿತ್ತು, ಅದು ಕಾಗದದ ಮೇಲೆ ಎಲ್ಲಿ ಕೂತಿದೆ ಎಂಬುದಷ್ಟೇ ಗೊತ್ತಿರಲಿಲ್ಲ. ಅವತ್ತೇ ಕಾರ್ಡನ್ನು ಒರೆಸಿ, ಒಂದೊಂದೇ ಹೆಸರಿನ ಕೆಳಗೆ ನಿಮ್ಮ ಬೆರಳು ಇಡಿಸಿದೆ. ಮಾರನೆಯ ದಿನ ಬೀರುವಿನ ಮೇಲಿದ್ದ ಕಾರ್ಡುಗಳನ್ನೆಲ್ಲ ನೀವೇ ಇಳಿಸಿದಿರಿ. ಮದುವೆ, ಗೃಹಪ್ರವೇಶ, ನಾಮಕರಣ, ಬೀಗರ ಊಟ. ಕಲಾವತಿ ಒಂದು ಚೀಲ ತುಂಬಾ ತಂದರು. ಅದರಲ್ಲಿ ತಪ್ಪಿ ಒಂದು ತಿಥಿ ಕಾರ್ಡು ಬಂದಿತ್ತೆಂದು ನೀವು ಅದನ್ನು ಗೇಟಿನಾಚೆ ಹಾಕಿಸಿ ಕೈ ತೊಳೆಸಿದಿರಿ, ಆಮೇಲೆ ಪಾಠ. ನಮ್ಮ ಕ್ಲಾಸು ಹುಟ್ಟಿದ್ದು ಹೀಗೆ. ಇದನ್ನೇ ಬರೆದೆ.

ಬರೆದದ್ದನ್ನು ಜಗಲಿಯಲ್ಲಿ ಎಲ್ಲರ ಮುಂದೆ ಓದಿದೆ. ಅಲ್ಲೇ ನಾನು ಎಡವಿದ್ದು. ಕಲಾವತಿ ಪೂರ್ತಿ ಕೇಳಿ, "ಎಲ್ಲಾ ಸರಿ ಕಣಮ್ಮ, ಹೆಸ್ರುಗಳೆಲ್ಲಿ? ಹೆಸ್ರು ಬಿಟ್ರೆ ನಾಳೆ ಮಾತು ಬರುತ್ತೆ" ಎಂದರು. ಉಳಿದವರೂ ತಲೆಯಾಡಿಸಿದರು. ನನಗೂ ಅದು ನ್ಯಾಯ ಎನಿಸಿತು. ಹಿರಿಯರು ಮೊದಲು, ಕಿರಿಯರು ಆಮೇಲೆ. ನೀವು ಊರಲ್ಲಿಲ್ಲದಿದ್ದರೂ ನಿಮ್ಮ ಹೆಸರೇ ಮೇಲೆ. ಕಲಾವತಿಯವರಿಗೂ ಹಿಂದಿನ ಬೀದಿಯವರಿಗೂ ಯಾರು ದೊಡ್ಡವರೆಂದು ಸ್ವಲ್ಪ ಮಾತಾಯಿತು. ಕೊನೆಗೆ ಎಲ್ಲ ಹೆಸರೂ ಹಾಕಿ, ಮೇಲ್ಗಡೆ ದೇವರನ್ನು ನೆನೆದು, ಕೆಳಗೆ "ಮತ್ತು ಬಂಧುಮಿತ್ರರು" ಎಂದೂ ಸೇರಿಸಿ, ಪ್ರಿಂಟು ತೆಗೆಸಿ ತಂದೆವು. ಶುಭ ಕಾರ್ಯಕ್ಕೆ ಕಳಿಸುವ ಕಾಗದ ಬರಿದಾಗಿ ಹೋಗಬಾರದು ಎಂದು ಕಲಾವತಿ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದರು. ನಿಮ್ಮ ಮಗ ಅದನ್ನು ಹಾಗೆಯೇ ಮೊಬೈಲಿನಲ್ಲಿ ಫೋಟೊ ಹೊಡೆದು ಕಳಿಸಿಬಿಟ್ಟರು. ಒಬ್ಬರಾದರೂ ತಡೆಯಬೇಡವೇ? ಬಿ.ಎಡ್. ಮಾಡಿದ ನಾನೇ ತಡೆಯಲಿಲ್ಲ.

ಎರಡು ದಿನಕ್ಕೆ ಸಮ್ಮೇಳನದ ಸಂಚಾಲಕಿ ಅನಂತಲಕ್ಷ್ಮಿ ಮೇಡಂ ಫೋನು ಮಾಡಿದರು. ಪಾಪ, ಬಹಳ ಸಂಕೋಚದಿಂದ, "ಮೇಡಂ, ನಮಗೆ ಪ್ರಸ್ತಾವನೆ ಬಂದಿದ್ಯೋ ಮದುವೆ ಕರೆಯೋಲೆ ಬಂದಿದ್ಯೋ ಗೊತ್ತಾಗ್ತಿಲ್ಲ. ಮೂಲೇಲಿ ಸಾಂಬಾರ್ ಬೇರೆ ಚೆಲ್ಲಿದೆ ಅನ್ಸುತ್ತೆ" ಎಂದರು. ಅದು ಅರಿಶಿನ ಎಂದೆ. ಇಬ್ಬರೂ ನಕ್ಕೆವು. ಆಮೇಲೆ ಅವರು ನಿಯಮ ಹೇಳಿದರು. ಯಾರು ಬರೆದದ್ದೆಂದು ಸಮಿತಿಗೆ ಗೊತ್ತಾಗಬಾರದಂತೆ, ಗೊತ್ತಾದರೆ ಮುಖ ನೋಡಿ ಮಣೆ ಹಾಕಿದ ಹಾಗಾಗುತ್ತದಂತೆ. ಆದ್ದರಿಂದ ಪುಟದಲ್ಲಿ ಒಂದೇ ಒಂದು ಹೆಸರೂ ಇರಕೂಡದು. ಹೆಸರು ಅಚ್ಚಾಗುವುದೇನಿದ್ದರೂ ಆಯ್ಕೆಯಾದ ಮೇಲೆ, ಕಾರ್ಯಕ್ರಮ ಪಟ್ಟಿಯಲ್ಲಿ. ಇದನ್ನು ಜಗಲಿಯಲ್ಲಿ ಹೇಳುವುದು ಎಷ್ಟು ಕಷ್ಟವಾಯಿತು ಗೊತ್ತಾ? "ಹೆಸ್ರೇ ಇಲ್ದಿದ್ರೆ ಯಾರ ಮನೆ ಕಾರ್ಯ ಅಂತ ಹೆಂಗ್ ಗೊತ್ತಾಗುತ್ತೆ?" ಎಂದು ಕಲಾವತಿ ತಮ್ಮ ಮನೆಯಿಂದ ತಂದಿದ್ದ ಸ್ಟೂಲನ್ನು ಎತ್ತಿಕೊಂಡು ಹೋದರು. ಮಾರನೆಯ ದಿನ ಸ್ಟೂಲಿನ ಸಮೇತ ಅವರೇ ಬಂದರು, ಅವರೆಕಾಯಿ ಸುಲಿಯುತ್ತಾ ಕೂತರು, ಹೆಸರಿನ ಮಾತೆತ್ತಲಿಲ್ಲ. ಹೆಸರೆಲ್ಲ ತೆಗೆದು, ಅರಿಶಿನವಿಲ್ಲದ ಪುಟವನ್ನು ಮತ್ತೆ ಕಳಿಸಿದೆ.

ಇಲ್ಲಿಗೆ ಎರಡನೆಯ ಹಾಳೆ. ಕಾಲು ನೀಡಿಕೊಂಡು ಕೂತಿದ್ದೀರಿ ತಾನೆ? ಮಡಚಿ ಕೂರಬೇಡಿ.

ಗುರುವಾರ ಸಮಿತಿಯಿಂದ ಒಂದು ಪ್ರಶ್ನೆ ಬಂತು. ಕೆಲಸ ಚೆನ್ನಾಗಿದೆ ಎಂದು ಹೊಗಳಿ, ಕೆಳಗೆ ಕೇಳಿದ್ದರು: ಈ ಹೆಂಗಸರಿಗೆ ಕಾರ್ಡಿನಲ್ಲಿರುವ ಹೆಸರುಗಳು ಮೊದಲೇ ಗೊತ್ತು. ಹಾಗಾದರೆ ಅವರು ಓದುತ್ತಿದ್ದಾರೋ, ಗುರುತು ಹಿಡಿಯುತ್ತಿದ್ದಾರೋ? ಗೊತ್ತಿಲ್ಲದ್ದನ್ನು ಕೊಟ್ಟರೆ ಓದಬಲ್ಲರೇ? ಅದಕ್ಕೆ ಆಧಾರವೇನು? ಶನಿವಾರದೊಳಗೆ ಉತ್ತರ ಕೊಡದಿದ್ದರೆ ನಮ್ಮ ಪ್ರಸ್ತಾವನೆ ಬಿದ್ದುಹೋಗುತ್ತದೆ. ಓದಿದಾಗ ಮೈ ಉರಿಯಿತು. ಇಷ್ಟು ದಿನ ನಮ್ಮ ಜಗಲಿಯಲ್ಲಿ ಆದದ್ದೆಲ್ಲ ಏನು ಹಾಗಾದರೆ, ಬೊಂಬೆಯಾಟವೇ ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ. ಕೋಪ ಇಳಿದ ಮೇಲೆ ಹೆದರಿಕೆ ಶುರುವಾಯಿತು. ಏಕೆಂದರೆ ಪ್ರಶ್ನೆ ಸರಿಯಾಗಿಯೇ ಇತ್ತು, ಉತ್ತರ ನನಗೂ ಗೊತ್ತಿರಲಿಲ್ಲ. ನಿಮಗೆ ಹೊಸದೇನನ್ನಾದರೂ ಓದಲು ಕೊಟ್ಟು ನೋಡಲು ನಾನು ಹೆದರುತ್ತಿದ್ದೆ. ಸಾಕ್ಷರತಾ ಪರೀಕ್ಷೆಗೆಂದು ಯಾರೋ ಮನೆಗೆ ಬಂದಾಗ ನೀವು ಸಂಡಿಗೆ ಒಣಗಿದೆಯಾ ನೋಡುತ್ತೇನೆಂದು ಮಹಡಿ ಹತ್ತಿದವರು, ಅವರು ಹೋಗುವವರೆಗೂ ಇಳಿಯಲಿಲ್ಲವಲ್ಲ. ಅವತ್ತು ಮಹಡಿಯ ಮೇಲೆ ಸಂಡಿಗೆಯೇ ಇರಲಿಲ್ಲ ಅತ್ತೆ. ನಾನು ಯಾರಿಗೂ ಹೇಳಲಿಲ್ಲ.

ಶುಕ್ರವಾರ ಶಾಲೆಯಿಂದ ಬಂದು ಮಾವನ ಜೊತೆ ಅವರೆಬೇಳೆ ಹಿತುಕುತ್ತಾ ಕೂತಿದ್ದೆ. ಸಪ್ಪೆ ಮುಖ ನೋಡಿ ಏನಾಯಿತೆಂದು ಕೇಳಿದರು, ಹೇಳಿದೆ. ಮಾವ ಬೇಳೆ ಹಿತುಕುವುದನ್ನು ನಿಲ್ಲಿಸದೆ, "ಗುರ್ತು ಹಿಡಿಯೋಳಾಗಿದ್ರೆ ಅವತ್ತು ನನ್ ಮೇಲ್ ಯಾಕಮ್ಮ ಅಷ್ಟೊಂದು ಸಿಟ್ಟಾಗೋಳು?" ಎಂದರು. ಅವತ್ತು ಎಂದರೆ ಯಾವತ್ತು ಎಂದು ಕೇಳಬೇಕಾಗಲಿಲ್ಲ. ನನಗೂ ಥಟ್ಟನೆ ನೆನಪಾಯಿತು.

ನೀವು ಎಲ್ಲ ಕಾರ್ಡುಗಳನ್ನೂ ಓದಿ ಮುಗಿಸಿದ ಮೇಲೆ, ಕೊನೆಗೆ ಟ್ರಂಕಿನಿಂದ ರಂಜಿನಿಯ ಲಗ್ನಪತ್ರಿಕೆ ತೆಗೆದಿರಿ. ಇಷ್ಟು ದಿನ ಅದನ್ನು ಬೇಕೆಂದೇ ಉಳಿಸಿಕೊಂಡಿದ್ದಿರಿ, ಹಬ್ಬಕ್ಕೆ ಹೊಸ ಸೀರೆ ಉಳಿಸಿಕೊಂಡ ಹಾಗೆ. ಮಗಳ ಮದುವೆಯ ಕಾರ್ಡು, ಅದರಲ್ಲಿ ನಿಮ್ಮ ಹೆಸರು ಇದ್ದೇ ಇರುತ್ತದೆ ಎಂದು ನಿಮಗೆ ಪೂರ್ತಿ ನಂಬಿಕೆ. ಬೆರಳಿಟ್ಟುಕೊಂಡು ಓದಿದಿರಿ. ಶ್ರೀಮತಿ... ಮತ್ತು... ಶ್ರೀ... ಚಿಕ್ಕಹನುಮಯ್ಯ. ಮಾವನ ಹೆಸರಿನ ಮೇಲೆ ಬೆರಳು ನಿಂತಿತು. ಮತ್ತೆ ಮೊದಲಿಂದ ಓದಿದಿರಿ. ಹಿಂದೆ ತಿರುಗಿಸಿ ನೋಡಿದಿರಿ. "ಈ ಶ್ರೀಮತಿ ಯಾರು ಮಿತ್ರಾ?" ಎಂದಿರಿ. ಅದು ನೀವೇ ಅತ್ತೆ ಎಂದೆ. "ನಾನಾ? ಹೆತ್ತಿದ್ದು ನಾನು, ಸಾಕಿದ್ದು ನಾನು, ಅರಿಶಿನ ಹಚ್ಚಿ ಊರೆಲ್ಲ ಈ ಕಾರ್ಡು ಹಂಚಿದ್ದೂ ನಾನು. ಇದ್ರಲ್ಲಿ ಇಂದ್ರಮ್ಮ ಎಲ್ಲವ್ಳೇ?" ಸಂಜೆಯವರೆಗೂ ನೀವು ಮಾವನ ಜೊತೆ ಮಾತಾಡಲಿಲ್ಲ. ಆಮೇಲೆ ಪೆನ್ನು ಕೇಳಿ ತೆಗೆದುಕೊಂಡು, ಆ ಕಾರ್ಡಿನ ಹಿಂದೆ ನಿಮ್ಮ ಹೆಸರು ಬರೆದು, ಯಾರಿಗೂ ತೋರಿಸದೆ ಟ್ರಂಕಿಗೆ ಹಾಕಿದಿರಿ. ನನಗೆ ಆ ದಿನ ಎಷ್ಟು ಸಂಕಟವಾಗಿತ್ತೋ, ಶುಕ್ರವಾರ ಅದೇ ನೆನಪಾದಾಗ ಅಷ್ಟೇ ಸಂತೋಷವಾಯಿತು. ಗುರುತು ಹಿಡಿಯುವವರಾಗಿದ್ದರೆ ನೀವು ಅಲ್ಲಿ ಇಂದ್ರಮ್ಮ ಎಂದೇ ಓದುತ್ತಿದ್ದಿರಿ. ಮನಸ್ಸಿನಲ್ಲಿ ಇದ್ದದ್ದು ಅದೇ ತಾನೆ? ಆದರೆ ನೀವು ಕಾಗದದ ಮೇಲೆ ಇದ್ದದ್ದನ್ನು ಓದಿದಿರಿ. ಓದು ಎಂದರೆ ಅದೇ ಅಲ್ಲವೇ ಅತ್ತೆ?

ಶನಿವಾರ ಸಮಿತಿಗೆ ಇದನ್ನೇ ಬರೆದು ಕಳಿಸಿದೆ. ಹೆಸರು ಹಾಕಲಿಲ್ಲ, ಒಬ್ಬ ತಾಯಿ ಎಂದಷ್ಟೇ ಬರೆದೆ. ಈಗ ಕಾಯುತ್ತಿದ್ದೇನೆ. ಆರಿಸಿದರೆ ಸಂತೋಷ, ಬಿಟ್ಟರೆ ಬೇಜಾರಾಗುತ್ತದೆ, ಆಗುವುದಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೂ ಈ ಸಲ ಏಕೋ ಮನಸ್ಸಿಗೆ ಒಳ್ಳೆಯದೇ ಆಗುತ್ತದೆ ಎನಿಸುತ್ತಿದೆ. ಕಲಾವತಿ ಆಗಲೇ ಕೆಂಗೇರಿಗೆ ಯಾವ ಸೀರೆ ಉಡಬೇಕೆಂದು ಕೇಳುತ್ತಿದ್ದಾರೆ.

ನಾಡಿದ್ದು ಸಂಕ್ರಾಂತಿ. ಎಳ್ಳು ಬೆಲ್ಲ ಬೆರೆಸಿದ್ದೇನೆ, ಕೊಬ್ಬರಿ ನೀವು ಹೆಚ್ಚಿದಷ್ಟು ಸಣ್ಣಗಾಗಿಲ್ಲ. ನಿಮ್ಮ ಪಾಲನ್ನು ಡಬ್ಬಿಯಲ್ಲಿ ತೆಗೆದಿಡುತ್ತೇನೆ. ರಂಜಿನಿಗೆ ಖಾರದ ಉಂಡೆ ತಪ್ಪಿಸಬೇಡ ಎಂದು ಹೇಳಿ. ಅಳಿಯಂದಿರಿಗೆ ನಮಸ್ಕಾರ, ದೊಡ್ಡವನಿಗೆ ಮುತ್ತು, ಕೂಸಿನ ಆ ಮೂಗಿಗೆ ಇನ್ನೊಂದು. ಮಾವ ಏನೂ ಹೇಳುವುದಿಲ್ಲವಂತೆ, ಆದರೆ ಇಂದ್ರಾ ಯಾವತ್ತು ಬರುತ್ತಾಳೆ ಕೇಳು ಎಂದಿದ್ದಾರೆ. ನಿಮ್ಮ ಆಶೀರ್ವಾದ ನಮ್ಮೆಲ್ಲರ ಮೇಲಿರಲಿ.

ಇಂತಿ ನಿಮ್ಮ ಸೊಸೆ, ನೀವು ಕರೆಯುವ ಹಾಗೆ,
ಮಿತ್ರಾ

ಮರೆತ ಮಾತು: ಸೋಮವಾರ ಬೆಳಿಗ್ಗೆ, ಓಡುತ್ತಾ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವ ಹೊತ್ತಿಗೆ ಅನಂತಲಕ್ಷ್ಮಿ ಮೇಡಂ ಫೋನು ಬಂತು. ಸಮಿತಿಗೆ ಹಿಡಿಸಿದೆ ಅತ್ತೆ! ಆದರೆ ಆ ತಾಯಿಯ ಮಾತನ್ನು ಸೊಸೆ ಹೇಳಿದರೆ ಸಾಲದು, ಅವರೇ ವೇದಿಕೆಗೆ ಬಂದು ಹೇಳಬೇಕಂತೆ. ಅದಕ್ಕೆ ಅವರ ಒಪ್ಪಿಗೆ ಅವರದೇ ಕೈಬರಹದಲ್ಲಿ ಈ ತಿಂಗಳೊಳಗೆ ಬರಬೇಕಂತೆ. ಇನ್ನು ಮುಚ್ಚಿಡುವುದಿಲ್ಲ. ಶನಿವಾರದ ಉತ್ತರದ ಕೊನೆಯಲ್ಲಿ ನಾನು ಇನ್ನೊಂದು ಮಾತು ಬರೆದಿದ್ದೆ: ಯಾವ ಕಾರ್ಡಿನಲ್ಲೂ ಇಲ್ಲದ ಸುದ್ದಿಗಳನ್ನು ಅವರಿಗೆ ಪತ್ರದಲ್ಲಿ ಬರೆಯುತ್ತೇನೆ, ಅವರ ಜವಾಬೇ ಸಮಿತಿಗೆ ಆಧಾರ ಎಂದು. ಮೊದಲೇ ಹೇಳಿದ್ದರೆ ನೀವು ಪರೀಕ್ಷೆ ಎಂದು ಅಲ್ಲಿಯೂ ಮಹಡಿ ಹತ್ತುತ್ತಿದ್ದಿರಿ. ಈಗ ಹೆದರಿ ಪ್ರಯೋಜನವಿಲ್ಲ, ಇಲ್ಲಿಯವರೆಗೆ ಓದಿದ್ದೀರಿ, ಪರೀಕ್ಷೆ ಮುಗಿದುಹೋಯಿತು. ಒಳಗೆ ನನ್ನ ವಿಳಾಸ ಬರೆದ ಲಕೋಟೆ, ಬಿಳಿ ಹಾಳೆ ಇದೆ. ಮನೆಯ ಸುದ್ದಿಯಲ್ಲಿ ನಿಮಗೆ ಹಿಡಿಸಿದ್ದೊಂದನ್ನು ಎರಡು ಸಾಲು ಬರೆಯಿರಿ, ನುಗ್ಗೆಮರಕ್ಕೆ ಟ್ಯಾಂಕರಿನವನನ್ನು ಬೈದರೂ ಆದೀತು. ಅದರ ಕೆಳಗೆ, ಕಾರ್ಯಕ್ರಮ ಪಟ್ಟಿಯಲ್ಲಿ ನಿಮ್ಮ ಹೆಸರು ಹೇಗೆ ಅಚ್ಚಾಗಬೇಕೋ ಹಾಗೆ ಬರೆಯಿರಿ. ಶ್ರೀಮತಿ ಬೇಕೋ ಬೇಡವೋ, ಮುಂದೆ ಹಿಂದೆ ಯಾರ ಹೆಸರು ಇರಬೇಕೋ ಬೇಡವೋ, ನಿಮಗೆ ಬಿಟ್ಟದ್ದು. ನೀವು ಬರೆದ ಹಾಗೆಯೇ ಹಾಕುತ್ತಾರಂತೆ. ಪೋಸ್ಟಿಗೆ ಹಾಕಲು ಮಾವ ಗೇಟಿನ ಹತ್ತಿರ ಸ್ಕೂಟರ್ ಶುರು ಮಾಡಿಕೊಂಡು ನಿಂತಿದ್ದಾರೆ. ನಾನು ಬರೆಯುತ್ತಿರುವುದೇನೆಂದು ಕೇಳಿದರು, ಹೇಳಿದೆ. ಅಲ್ಲಿಂದಲೇ ಕೂಗುತ್ತಿದ್ದಾರೆ: "ನನ್ ಹೆಸ್ರು ಬ್ಯಾಡ ಅಂತ ಬರಿಯಮ್ಮ. ಅವಳದ್ದೊಂದೇ ಇರ್ಲಿ."